ತಂತಿ ತಲುಪದ ಮನೆಗೆ ಅಲೆಗಳ ಅಂತರಜಾಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ - ಈ ನಾಲ್ಕು ಊರುಗಳ ಸ್ಥಿರ ದೂರವಾಣಿ ಸಂಕೇತಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹೊಳಲ್ಕೆರೆಗೆ 08191, ಹಿರಿಯೂರಿಗೆ 08193, ಚಿತ್ರದುರ್ಗಕ್ಕೆ 08194, ಹೊಸದುರ್ಗಕ್ಕೆ 08199. ನಡುವೆ ಬಿಟ್ಟುಹೋದ 08192 ದಾವಣಗೆರೆಯದು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ ಅದರ ದೂರವಾಣಿ ಸಂಕೇತ ಮಾತ್ರ ಹಳೆಯ ಚಿತ್ರದುರ್ಗ ಜಿಲ್ಲೆಯ ಸಾಲಿನಲ್ಲೇ ಉಳಿಯಿತು. ತಂತಿಯ ಜಾಲವನ್ನು ಒಮ್ಮೆ ಹಾಸಿದರೆ ಅದು ಎಷ್ಟು ಗಟ್ಟಿಯಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇಂದಿನ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಸಂಕೇತಗಳ ಪರಿಚಯವಿಲ್ಲ. ಅವರ ಮನೆಗೆ ದೂರವಾಣಿ ತಂತಿ ಬಂದೇ ಇಲ್ಲ. ಮನೆಯಲ್ಲಿ ಅಂತರಜಾಲವಿದ್ದರೆ ಅದು ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್, ಕಿಟಕಿಯಲ್ಲಿಟ್ಟ ಸಿಮ್ ಹಾಕುವ ರೂಟರ್ ಅಥವಾ ಈಚೆಗೆ ಮಹಡಿಯ ಮೇಲೆ ಬಂದು ಕುಳಿತಿರುವ ಬಿಳಿ ಪೆಟ್ಟಿಗೆ. ಮೂರೂ ಒಂದೇ ಜಾತಿಯವು. ಮೊಬೈಲ್ ಗೋಪುರದಿಂದ ಹೊರಟ ರೇಡಿಯೋ ಅಲೆಗಳನ್ನು ಹಿಡಿದು ಮನೆಯ ಸಂಪರ್ಕವನ್ನಾಗಿ ಮಾಡುವುದೇ ಅವುಗಳ ಕೆಲಸ.

ಓಡಾಡುವವರಿಗಾಗಿ ರೂಪುಗೊಂಡ ತಂತ್ರ ಒಂದೇ ಕಡೆ ಕುಳಿತ ಮನೆಯ ಆಸರೆಯಾದದ್ದು ಹೇಗೆ? ತಂತಿ ಕೊಡುವುದನ್ನೆಲ್ಲ ಅಲೆಯೂ ಕೊಡಬಲ್ಲದೇ? ಹಗಲಿನಲ್ಲಿ ಚುರುಕಾಗಿದ್ದ ಸಂಪರ್ಕ ರಾತ್ರಿ ಎಂಟಕ್ಕೆ ಏಕೆ ತೆವಳುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಭೌತವಿಜ್ಞಾನವೂ ಬೇಕು, ಸ್ವಲ್ಪ ಚರಿತ್ರೆಯೂ ಬೇಕು.

ತಾಮ್ರದ ಜೋಡಿತಂತಿ

ಭಾರತದ ಹಳ್ಳಿಗಳ ದೂರವಾಣಿಯ ಕಥೆಯಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗೆಂದೇ ರೂಪಿಸಿದ 128 ಸಂಪರ್ಕಗಳ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲು ಅಳವಡಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗಿತ್ತು. ಸಿ-ಡಾಟ್ ಯಂತ್ರ ನಮ್ಮ ಬಿಸಿಲು ಮತ್ತು ದೂಳಿನಲ್ಲಿ ಅಂಥ ಕೋಣೆಯಿಲ್ಲದೆ ಕೆಲಸ ಮಾಡಬಲ್ಲದಾಗಿತ್ತು. ಬಯಲುಸೀಮೆಯಂಥ ಪ್ರದೇಶಕ್ಕೆ ಇದು ಸಣ್ಣ ವಿಷಯವಲ್ಲ.

ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಅದೂ ಕೆಲವು ಮಹಾನಗರಗಳಲ್ಲಿ ಮಾತ್ರ. ಮುಂದೆ ಸಣ್ಣ ಊರುಗಳಿಗೂ ಅದು ದೂರವಾಣಿ ತಂತಿಯ ಮೂಲಕವೇ ಬಂತು. ಮೋಡೆಮ್ ಕಿರುಗುಟ್ಟುತ್ತ ಸಂಖ್ಯೆ ಒತ್ತಿ ಸಂಪರ್ಕ ಸಾಧಿಸುತ್ತಿದ್ದುದು ಹಿರಿಯ ಅಧ್ಯಾಪಕರಿಗೆ ನೆನಪಿರಬಹುದು. ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಒಂದು ಮೆಗಾಬೈಟಿನ ಚಿತ್ರ ಅಂದರೆ 8,000 ಕಿಲೋಬಿಟ್. 56ರಿಂದ ಭಾಗಿಸಿ ನೋಡಿ. ಒಂದು ಚಿತ್ರ ಇಳಿಯಲು ಸುಮಾರು 143 ಸೆಕೆಂಡು ಬೇಕು. ಅಷ್ಟು ಹೊತ್ತೂ ಫೋನು ಕಾರ್ಯನಿರತ.

2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಪ್ರಕಟಿಸಿತು. ಸೆಕೆಂಡಿಗೆ 256 ಕಿಲೋಬಿಟ್ ಅಥವಾ ಹೆಚ್ಚು ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎಂಬುದು ಅದರ ವ್ಯಾಖ್ಯೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡೇಟಾಒನ್' ಎಂಬ ಹೆಸರಿನಲ್ಲಿ ಸೇವೆ ಆರಂಭಿಸಿತು. ಹೊಸ ತಂತಿ ಎಳೆಯಬೇಕಾಗಿರಲಿಲ್ಲ. ಮಾತಿಗೆ ತಂತಿಯ 4 ಕಿಲೋಹರ್ಟ್ಸ್‌ವರೆಗಿನ ಆವೃತ್ತಿಗಳು ಸಾಕು. ಅದರ ಮೇಲೆ, ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳಲ್ಲಿ ದತ್ತಾಂಶವನ್ನು ಕಳುಹಿಸುವುದೇ ಎಡಿಎಸ್‌ಎಲ್ ತಂತ್ರ. ಒಂದೇ ತಂತಿಯಲ್ಲಿ ಮಾತೂ ಜಾಲವೂ ಒಟ್ಟಿಗೆ ಸಾಗಿದವು.

ಆದರೆ ಇಲ್ಲೊಂದು ತೊಡಕಿದೆ. ಆವೃತ್ತಿ ಹೆಚ್ಚಿದಂತೆ ವಿದ್ಯುತ್ ಪ್ರವಾಹ ತಂತಿಯ ಹೊರಮೈಗೆ ಸರಿಯುತ್ತದೆ, ರೋಧ ಹೆಚ್ಚುತ್ತದೆ, ಸಂಕೇತ ಬೇಗ ಕ್ಷೀಣಿಸುತ್ತದೆ. ಆದ್ದರಿಂದ ವಿನಿಮಯ ಕೇಂದ್ರದ ಬಳಿಯ ಮನೆಗೆ ಒಳ್ಳೆಯ ವೇಗ ಸಿಕ್ಕರೆ, ಐದಾರು ಕಿಲೋಮೀಟರ್ ದೂರದ ಮನೆಗೆ ಏನೂ ಸಿಗದು. ಪೇಟೆಯ ಬೀದಿಗಳಿಗೆ ಇದು ಅಡ್ಡಿಯಲ್ಲ. ಹೊಳಲ್ಕೆರೆಯ ಅಡಿಕೆ ತೋಟದ ಮನೆಗೆ, ಹೊಸದುರ್ಗದ ತೆಂಗಿನ ತೋಟದ ಮನೆಗೆ, ಹಿರಿಯೂರಿನ ಹೊಲದ ನಡುವಿನ ಒಂಟಿ ಮನೆಗೆ ಇದು ದೊಡ್ಡ ಅಡ್ಡಿ. ಒಂದು ಮನೆಗಾಗಿ ಕಿಲೋಮೀಟರುಗಟ್ಟಲೆ ತಾಮ್ರದ ತಂತಿ ಎಳೆದು, ಅದನ್ನು ಮಳೆಯಿಂದಲೂ ಕಳ್ಳರಿಂದಲೂ ಕಾಪಾಡುವ ಖರ್ಚು ಬಾಡಿಗೆಯಿಂದ ಹುಟ್ಟುವಂತಿರಲಿಲ್ಲ.

ದ್ವೀಪಗಳಲ್ಲಿ ಹುಟ್ಟಿದ ಉಪಾಯ

ತಂತಿ ಎಳೆಯಲಾಗದ ಕಡೆ ಗಣಕಗಳನ್ನು ಜೋಡಿಸುವ ಸಮಸ್ಯೆಯನ್ನು ಮೊದಲು ಎದುರಿಸಿದವರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ಮುಖ್ಯರು. ಅಲ್ಲಿ ಅಡ್ಡಿಯಾಗಿದ್ದುದು ಬೆಟ್ಟವಲ್ಲ, ಕಡಲು. ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಕಟ್ಟಿದ 'ಅಲೋಹಾನೆಟ್' 1971ರ ಜೂನ್‌ನಲ್ಲಿ ಕೆಲಸ ಆರಂಭಿಸಿತು. ದ್ವೀಪಗಳಲ್ಲಿದ್ದ ಬಳಕೆದಾರರು ರೇಡಿಯೋ ಮೂಲಕ ಕೇಂದ್ರ ಗಣಕವನ್ನು ತಲುಪಿದರು. ವೇಗ ಸೆಕೆಂಡಿಗೆ 9,600 ಬಿಟ್.

ಎಲ್ಲರೂ ಒಂದೇ ಆವೃತ್ತಿಯನ್ನು ಹಂಚಿಕೊಳ್ಳಬೇಕು. ಯಾರು ಯಾವಾಗ ಮಾತನಾಡಬೇಕು? ಅಬ್ರಾಮ್ಸನ್‌ರ ಉತ್ತರ ಬಹಳ ಸರಳ. ಹೇಳಬೇಕಾದ್ದು ಇದ್ದಾಗ ಹೇಳಿಬಿಡಿ. ಇಬ್ಬರ ಸಂದೇಶ ಡಿಕ್ಕಿ ಹೊಡೆದು ಕೆಟ್ಟರೆ ಕೇಂದ್ರದಿಂದ ಸ್ವೀಕೃತಿ ಬರುವುದಿಲ್ಲ. ಆಗ ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಹೇಳಿ.

ಈ ಉಪಾಯಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಬಹುದು. ಒಂದು ಸಂದೇಶಕ್ಕೆ ಹಿಡಿಯುವ ಕಾಲದಲ್ಲಿ ಸರಾಸರಿ G ಸಂದೇಶಗಳು ಹೊರಡುತ್ತವೆ ಎನ್ನಿ. ನನ್ನ ಸಂದೇಶ ಸುರಕ್ಷಿತವಾಗಿ ತಲುಪಬೇಕಾದರೆ ಅದರ ಹಿಂದಿನ ಹಾಗೂ ಅದರ ಅವಧಿಯಲ್ಲಿ, ಅಂದರೆ ಎರಡು ಪಟ್ಟು ಕಾಲದಲ್ಲಿ, ಬೇರೆ ಯಾರೂ ಆರಂಭಿಸಿರಬಾರದು. ಅದರ ಸಂಭವನೀಯತೆ e ಯ -2G ಘಾತ. ಆದ್ದರಿಂದ ಯಶಸ್ವಿಯಾದ ಸಂದೇಶಗಳ ಪ್ರಮಾಣ G ಗುಣಿಸು e ಯ -2G ಘಾತ. G ಬೆಲೆ ಅರ್ಧವಾದಾಗ ಇದು ಗರಿಷ್ಠ, ಸುಮಾರು 0.184. ಎಂದರೆ ಹಾದಿಯ ಸಾಮರ್ಥ್ಯದಲ್ಲಿ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಇನ್ನೂ ಹೆಚ್ಚು ಜನ ಮಾತನಾಡತೊಡಗಿದರೆ ಯಶಸ್ಸು ಏರುವುದಿಲ್ಲ, ಇಳಿಯುತ್ತದೆ. ಪಿ.ಯು. ತರಗತಿಯ ಕಲನಶಾಸ್ತ್ರ ಬಲ್ಲ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಿ ನೋಡಬಹುದು.

ಅಲೋಹಾದ ಸುಧಾರಿತ ರೂಪಗಳು ಇಂದಿಗೂ ಬಳಕೆಯಲ್ಲಿವೆ. ನಿಮ್ಮ ಮೊಬೈಲು ಗೋಪುರದೊಂದಿಗೆ ಮೊದಲ ಮಾತು ಆರಂಭಿಸುವುದು ಇಂಥದೇ ಕ್ರಮದಲ್ಲಿ. ಆಮೇಲೆ ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಗೋಪುರವೇ ನಿರ್ಧರಿಸುತ್ತದೆ. ಆದರೆ ಅಬ್ರಾಮ್ಸನ್ ಎದುರಿಸಿದ ಮೂಲ ಸಂಗತಿ ಬದಲಾಗಿಲ್ಲ. ತಂತಿ ಒಂದು ಮನೆಯದು, ಅಲೆ ಊರಿನದು.

ತಾಲ್ಲೂಕಿನ ಗಡಿಯಲ್ಲಿ ನಿಲ್ಲುವ ಫೋನು

ನಮ್ಮ ದೇಶದಲ್ಲಿ ಮನೆಗೆ ನಿಸ್ತಂತು ಸಂಪರ್ಕ ಕೊಡುವ ಮೊದಲ ಗಂಭೀರ ಪ್ರಯತ್ನಗಳಲ್ಲಿ ಮದ್ರಾಸಿನ ಐಐಟಿಯ 'ಕಾರ್‌ಡೆಕ್ಟ್' ಒಂದು. ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ 1990ರ ದಶಕದಲ್ಲಿ ಇದನ್ನು ರೂಪಿಸಿತು. ಎದುರು ಬದುರು ಅಡ್ಡಿಯಿಲ್ಲದಿದ್ದರೆ ಸುಮಾರು 10 ಕಿಲೋಮೀಟರ್ ದೂರದ ಮನೆಗೂ ಮಾತಿನ ಜೊತೆಗೆ ಸೆಕೆಂಡಿಗೆ 35 ಅಥವಾ 70 ಕಿಲೋಬಿಟ್ ವೇಗದ ಅಂತರಜಾಲ ಸಿಗುತ್ತಿತ್ತು. ಕಡಿಮೆ ಖರ್ಚಿನಲ್ಲಿ ಹಳ್ಳಿಗೆ ಜಾಲ ತಲುಪಿಸಬೇಕೆಂಬುದೇ ಅದರ ಹಿಂದಿದ್ದ ಆಶಯ.

ಇದೇ ಕಾಲದಲ್ಲಿ 'ಡಬ್ಲ್ಯುಎಲ್‌ಎಲ್' ಎಂಬ ಹೆಸರು ಮನೆಮಾತಾಯಿತು. ವಿನಿಮಯ ಕೇಂದ್ರದಿಂದ ಮನೆಯವರೆಗಿನ ಕೊನೆಯ ತಂತಿಯ ಬದಲು ರೇಡಿಯೋ ಬಳಸುವುದೇ ಇದರ ಅರ್ಥ. ಬಿಎಸ್‌ಎನ್‌ಎಲ್ ಮೊದಲಾದ ಸಂಸ್ಥೆಗಳು ಇದಕ್ಕೆ 800 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸಿಡಿಎಂಎ ತಂತ್ರವನ್ನು ಆರಿಸಿಕೊಂಡವು. ಮೇಜಿನ ಮೇಲಿಡುವ ಮಾಮೂಲಿ ಫೋನಿಗೆ ಒಂದು ಪುಟ್ಟ ಆಂಟೆನಾ ಸಿಕ್ಕಿಸಿದಂತೆ ಕಾಣುವ ಉಪಕರಣವನ್ನು ನೀವು ಹಳ್ಳಿಯ ಮನೆಗಳಲ್ಲೂ ಅಂಗಡಿಗಳಲ್ಲೂ ನೋಡಿರಬಹುದು.

2001ರ ಜನವರಿಯಲ್ಲಿ ಸರ್ಕಾರ ಈ ಫೋನುಗಳನ್ನು ಕೈಯಲ್ಲಿ ಹಿಡಿದು ಓಡಾಡಲೂ ಅನುಮತಿ ಕೊಟ್ಟಿತು. ಆದರೆ ಒಂದು ಷರತ್ತಿತ್ತು. ಸ್ಥಳೀಯ ಕರೆಯ ವಲಯ, ಅಂದರೆ ಬಹುಮಟ್ಟಿಗೆ ಒಂದು ತಾಲ್ಲೂಕಿನಷ್ಟು ಪ್ರದೇಶ ದಾಟಬಾರದು. ಲೇಖನದ ಆರಂಭದಲ್ಲಿ ಹೇಳಿದ ನಾಲ್ಕು ಸಂಕೇತಗಳು ನಾಲ್ಕು ಬೇಲಿಗಳಂತಾದವು. ಹಿರಿಯೂರಿನಲ್ಲಿ ಪಡೆದ ಫೋನು ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಲೆಗಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಆ ಗಡಿಯನ್ನು ಎಳೆದದ್ದು ಪರವಾನಗಿಯ ನಿಯಮ. ದುಬಾರಿ ಶುಲ್ಕ ಕೊಟ್ಟು ಪರವಾನಗಿ ಪಡೆದಿದ್ದ ಮೊಬೈಲ್ ಸಂಸ್ಥೆಗಳು ಈ ಅರ್ಧ ಮೊಬೈಲನ್ನೂ ವಿರೋಧಿಸಿ ನ್ಯಾಯಮಂಡಳಿಯ ಮೆಟ್ಟಿಲೇರಿದವು. 2003ರ ನವೆಂಬರಿನಲ್ಲಿ ಏಕೀಕೃತ ಪರವಾನಗಿ ಜಾರಿಗೆ ಬಂದಮೇಲೆ ವಿವಾದ ತಣ್ಣಗಾಯಿತು.

ಈ ಜಗಳದಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ. ಡಬ್ಲ್ಯುಎಲ್‌ಎಲ್ ಹುಟ್ಟಿದ್ದು ಮನೆಯ ತಂತಿಗೆ ಬದಲಿಯಾಗಿ. ಅಂದರೆ ಮನೆಗೆ ನಿಸ್ತಂತು ಸಂಪರ್ಕ ಎಂಬ ಕಲ್ಪನೆ ನಮ್ಮ ತಾಲ್ಲೂಕುಗಳಲ್ಲಿ ಮೊಬೈಲ್ ಅಂತರಜಾಲಕ್ಕಿಂತ ಹಳೆಯದು.

1.25 ಮೆಗಾಹರ್ಟ್ಸ್‌ನಲ್ಲಿ ಒಂದು ಊರು

ಅದೇ ಸಿಡಿಎಂಎ ಗೋಪುರಗಳ ಮೇಲೆ ಮುಂದೆ 'ಇವಿಡಿಒ' ಎಂಬ ತಂತ್ರ ಬಂತು. 2002ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಳಕೆಗೆ ಬಂದ ಇದು ಆ ದಶಕದ ಕೊನೆಯ ಹೊತ್ತಿಗೆ ಭಾರತದ ಅನೇಕ ಸಣ್ಣ ಊರುಗಳನ್ನು ಮುಟ್ಟಿತ್ತು. ಬಿಎಸ್‌ಎನ್‌ಎಲ್, ಟಾಟಾ, ರಿಲಯನ್ಸ್ ಸಂಸ್ಥೆಗಳು ಬೆರಳುದ್ದದ ಯುಎಸ್‌ಬಿ ಉಪಕರಣಗಳನ್ನು ಮಾರಿದವು. ಜನ ಅದನ್ನು ಡೇಟಾ ಕಾರ್ಡ್ ಎಂದೂ ಡಾಂಗಲ್ ಎಂದೂ ಕರೆದರು. ಎಡಿಎಸ್‌ಎಲ್ ತಲುಪದ ಮನೆಯ ಗಣಕಕ್ಕೆ ಮೊದಲ ಬಾರಿಗೆ ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದಾದ ಸಂಪರ್ಕ ಸಿಕ್ಕಿತು.

ಇವಿಡಿಒ ಬಳಸುವ ಪಟ್ಟಿಯ ಅಗಲ 1.25 ಮೆಗಾಹರ್ಟ್ಸ್. ಅದು ಒಂದು ಸೆಕೆಂಡನ್ನು 600 ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕಿನಲ್ಲಿ ಒಬ್ಬೊಬ್ಬ ಬಳಕೆದಾರನಿಗೆ ಗೋಪುರದ ಪೂರ್ಣ ಶಕ್ತಿಯನ್ನು ಮೀಸಲಿಡುತ್ತದೆ. ಆ ಕ್ಷಣದಲ್ಲಿ ಯಾರ ಸಂಕೇತ ಅವರ ಸರಾಸರಿಗಿಂತ ಚೆನ್ನಾಗಿದೆಯೋ ಅವರಿಗೆ ಆದ್ಯತೆ. ಸುಧಾರಿತ ಆವೃತ್ತಿಯಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 3.1 ಮೆಗಾಬಿಟ್. ಜಾಹೀರಾತುಗಳಲ್ಲಿ ಕಾಣುತ್ತಿದ್ದುದು ಇದೇ ಸಂಖ್ಯೆ.

ಈ ಸಂಖ್ಯೆ ಗೋಪುರದ ಒಂದು ದಿಕ್ಕಿನ ಇಡೀ ವಲಯದ್ದು, ಒಂದು ಮನೆಯದಲ್ಲ. ಒಂದು ವಾಹಕದ ಮೇಲೆ 20 ಮನೆಗಳು ಏಕಕಾಲದಲ್ಲಿ ಏನನ್ನಾದರೂ ಇಳಿಸಿಕೊಳ್ಳುತ್ತಿದ್ದರೆ ತಲಾ ಸಿಗುವುದು 155 ಕಿಲೋಬಿಟ್. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಬೇಕಾದ 256 ಕಿಲೋಬಿಟ್‌ಗಿಂತ ಅದು ಕಡಿಮೆ. ಎಲ್ಲರೂ ಸದಾ ಏಕಕಾಲದಲ್ಲಿ ಬಳಸುವುದಿಲ್ಲ ಎಂಬುದರ ಮೇಲೆಯೇ ಈ ವ್ಯವಸ್ಥೆ ನಿಂತಿದೆ. ಬೆಳಗಿನ ಜಾವ ಅದು ನಿಜ. ರಾತ್ರಿ ಎಂಟಕ್ಕೆ ನಿಜವಲ್ಲ.

ಎರಡನೆಯ ಮಿತಿಯನ್ನು 1948ರಲ್ಲೇ ಕ್ಲಾಡ್ ಶಾನನ್ ತೋರಿಸಿಕೊಟ್ಟಿದ್ದರು. ಒಂದು ಹಾದಿಯ ಗರಿಷ್ಠ ವೇಗ = ಪಟ್ಟಿಯ ಅಗಲ × log₂(1 + S/N). ಇಲ್ಲಿ S ಎಂದರೆ ಸಂಕೇತದ ಶಕ್ತಿ, N ಎಂದರೆ ಗದ್ದಲದ ಶಕ್ತಿ. 1.25 ಮೆಗಾಹರ್ಟ್ಸ್‌ಗೆ ಇದನ್ನು ಹಾಕಿ ನೋಡಿ.

ಸಂಕೇತ ಗದ್ದಲಕ್ಕಿಂತ 10 ಪಟ್ಟು: ಸುಮಾರು 4.3 ಮೆಗಾಬಿಟ್
ಸಂಕೇತ ಗದ್ದಲದಷ್ಟೇ: 1.25 ಮೆಗಾಬಿಟ್
ಸಂಕೇತ ಗದ್ದಲದ ಹತ್ತನೆಯ ಒಂದು: ಸುಮಾರು 0.17 ಮೆಗಾಬಿಟ್

ಗೋಪುರದ ಹತ್ತಿರದ ಮನೆಗೂ ವಲಯದ ಅಂಚಿನ ಮನೆಗೂ 25 ಪಟ್ಟು ಅಂತರ! ಇಬ್ಬರೂ ತೆರುವ ಶುಲ್ಕ ಮಾತ್ರ ಒಂದೇ.

ಬೆಟ್ಟ, ತೋಟ ಮತ್ತು ಅಲೆ

ಚಿತ್ರದುರ್ಗದ ಆಕಾಶವಾಣಿ ಎಫ್‌ಎಂ ಕೇಂದ್ರದ ಆವೃತ್ತಿ 102.6 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ ಸುಮಾರು 2.9 ಮೀಟರ್. 850 ಮೆಗಾಹರ್ಟ್ಸ್‌ನ ಅಲೆಗೆ ತರಂಗದೂರ ಸುಮಾರು 35 ಸೆಂಟಿಮೀಟರ್, 2,100 ಮೆಗಾಹರ್ಟ್ಸ್‌ನ ಅಲೆಗೆ 14 ಸೆಂಟಿಮೀಟರ್. ಅಡ್ಡ ಬಂದ ವಸ್ತುವಿನ ಅಂಚಿನಲ್ಲಿ ಅಲೆ ಬಾಗುವ ಕ್ರಿಯೆಯೇ ವಿವರ್ತನೆ. ತರಂಗದೂರ ಹೆಚ್ಚಿದ್ದಷ್ಟೂ ನೆರಳಿನ ಪ್ರದೇಶಕ್ಕೆ ಅಲೆ ಹೆಚ್ಚಾಗಿ ನುಗ್ಗುತ್ತದೆ. ಬೆಟ್ಟದ ಮರೆಯ ಹಳ್ಳಿಯಲ್ಲಿ ಎಫ್‌ಎಂ ಕೇಳಿಸಿದರೂ ಮೊಬೈಲ್ ಅಂತರಜಾಲ ಸಿಗದಿರಲು ಇದೊಂದು ಕಾರಣ. ಚಿತ್ರದುರ್ಗದ ಸುತ್ತಲಿನ ಕಲ್ಲುಬೆಟ್ಟಗಳಲ್ಲಿ ನೆರಳುಗಳಿಗೆ ಕೊರತೆಯಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹೆಚ್ಚು ಆವೃತ್ತಿಯ ಅಲೆಗಳನ್ನು ಖಾಲಿ ಜಾಗವೇ ಹೆಚ್ಚಾಗಿ ಹೀರುತ್ತದೆ ಎಂದು ಹಲವರು ಬರೆಯುತ್ತಾರೆ. ಹಾಗಿಲ್ಲ. ದೂರದ ವರ್ಗಕ್ಕೆ ಅನುಗುಣವಾಗಿ ಶಕ್ತಿ ಹರಡಿಹೋಗುವುದು ಎಲ್ಲ ಆವೃತ್ತಿಗಳಿಗೂ ಒಂದೇ. ವ್ಯತ್ಯಾಸ ಇರುವುದು ಆಂಟೆನಾದಲ್ಲಿ. ಆಂಟೆನಾದ ಉದ್ದ ತರಂಗದೂರಕ್ಕೆ ತಕ್ಕಂತಿರುತ್ತದೆ. ತರಂಗದೂರ ಕಿರಿದಾದರೆ ಆಂಟೆನಾ ಕಿರಿದಾಗುತ್ತದೆ, ಅದು ಅಲೆಯನ್ನು ಹಿಡಿಯುವ ಕ್ಷೇತ್ರಫಲವೂ ಕಿರಿದಾಗುತ್ತದೆ. 35 ಮತ್ತು 14ರ ಅನುಪಾತದ ವರ್ಗ ಸುಮಾರು 6. ಅದೇ ಬಗೆಯ ಆಂಟೆನಾ ಬಳಸಿದರೆ 2,100 ಮೆಗಾಹರ್ಟ್ಸ್‌ನಲ್ಲಿ ಸಿಗುವ ಶಕ್ತಿ 850ರಲ್ಲಿ ಸಿಗುವುದರ ಆರನೆಯ ಒಂದು ಪಾಲು. ಮಳೆನೀರನ್ನು ಹಿಡಿಯಲು ಕೊಳಗದ ಬದಲು ಲೋಟ ಇಟ್ಟಂತೆ. ಮಳೆ ಕಡಿಮೆಯಾಗಿಲ್ಲ, ಪಾತ್ರೆ ಚಿಕ್ಕದಾಯಿತು.

ತೋಟಗಳ ವಿಷಯ ಬೇರೆ. ಎಲೆಗಳಲ್ಲಿ ನೀರಿದೆ. ನೀರಿನ ಅಣುಗಳು ಅಲೆಯ ಶಕ್ತಿಯನ್ನು ಹೀರುತ್ತವೆ, ಗರಿಗಳು ಅಲೆಯನ್ನು ಚದರಿಸುತ್ತವೆ. ಆವೃತ್ತಿ ಹೆಚ್ಚಿದಂತೆ ಈ ನಷ್ಟವೂ ಹೆಚ್ಚು. ಮಳೆ ಬಂದು ಎಲೆಗಳು ತೊಯ್ದಾಗ ಇನ್ನೂ ಹೆಚ್ಚು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಕಾರ್ತಿಕಕ್ಕಿಂತ ಆಷಾಢದಲ್ಲಿ ಸಂಕೇತ ಕುಗ್ಗಿದರೆ ಆಶ್ಚರ್ಯಪಡಬೇಕಿಲ್ಲ.

ಬೆಲೆ ಇಳಿದಾಗ

2010ರಲ್ಲಿ 3ಜಿ ಮತ್ತು ನಿಸ್ತಂತು ಬ್ರಾಡ್‌ಬ್ಯಾಂಡ್ ರೋಹಿತಗಳ ಹರಾಜು ನಡೆಯಿತು. ಎರಡೂ ಸೇರಿ ಸರ್ಕಾರಕ್ಕೆ ಬಂದದ್ದು ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2012ರಲ್ಲಿ ಏರ್‌ಟೆಲ್ ಕೊಲ್ಕತ್ತ ಮತ್ತು ಬೆಂಗಳೂರಿನಲ್ಲಿ 4ಜಿ ಆರಂಭಿಸಿತು. ಆದರೂ ಸಣ್ಣ ಊರಿನ ಮನೆಗೆ ನಿಸ್ತಂತು ಅಂತರಜಾಲ ದುಬಾರಿಯಾಗಿಯೇ ಇತ್ತು. ತಿಂಗಳಿಗೆ ಇಂತಿಷ್ಟು ಗಿಗಾಬೈಟ್ ಎಂಬ ಮಿತಿ. ಸೆಕೆಂಡಿಗೆ 3.1 ಮೆಗಾಬಿಟ್ ವೇಗ ನಿಜವಾಗಿ ಸಿಕ್ಕಿದ್ದರೆ ಒಂದು ಗಿಗಾಬೈಟ್ 43 ನಿಮಿಷದಲ್ಲಿ ಮುಗಿಯುತ್ತಿತ್ತು.

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾದ ಮೇಲೆ ಚಿತ್ರ ಬದಲಾಯಿತು. ಮೊದಲ ತಿಂಗಳುಗಳು ಉಚಿತ. ಆಮೇಲೆ ದಿನಕ್ಕೆ ಇಷ್ಟು ಗಿಗಾಬೈಟ್ ಎಂಬ ಯೋಜನೆಗಳು ಎಲ್ಲ ಸಂಸ್ಥೆಗಳಲ್ಲೂ ಸಾಮಾನ್ಯವಾದವು. ಆ ದಶಕ ಮುಗಿಯುವುದರೊಳಗೆ ಸಿಡಿಎಂಎ ಸೇವೆಗಳು ಒಂದೊಂದಾಗಿ ನಿಂತು, ಡಾಂಗಲ್‌ಗಳು ಮೇಜಿನ ಖಾನೆ ಸೇರಿದವು. ಅವು ಬಳಸುತ್ತಿದ್ದ 800 ಮೆಗಾಹರ್ಟ್ಸ್ ಪಟ್ಟಿ ಮಾತ್ರ ವ್ಯರ್ಥವಾಗಲಿಲ್ಲ. ಅದೇ ಪಟ್ಟಿಯಲ್ಲಿ 4ಜಿ ಹರಿಯತೊಡಗಿತು. ದೂರದ ಹಳ್ಳಿಗೆ, ಗೋಡೆಯ ಒಳಗೆ ನುಗ್ಗುವ ಅದರ ಗುಣ ತಂತ್ರಜ್ಞಾನ ಬದಲಾದರೂ ಬದಲಾಗುವುದಿಲ್ಲ.

ಬೆಲೆ ಇಳಿದದ್ದರ ಇನ್ನೊಂದು ಪರಿಣಾಮವನ್ನೂ ಗಮನಿಸಿ. ಮೊಬೈಲಿನಲ್ಲೇ ಎಲ್ಲವೂ ಸಿಗುವಾಗ ತಂತಿಯ ಸಂಪರ್ಕ ಏಕೆ ಎಂದು ಅನೇಕ ಮನೆಗಳು ಸ್ಥಿರ ದೂರವಾಣಿಯನ್ನು ಬಿಟ್ಟವು. ತಾಮ್ರದ ಜಾಲ ಸೊರಗಿತು. ಎರಡು ಹಾದಿಗಳಿದ್ದ ಊರಿಗೆ ಒಂದೇ ಹಾದಿ ಉಳಿಯಿತು.

2020ರ ಪರೀಕ್ಷೆ

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಆ ಒಂದು ಹಾದಿಯ ಮೇಲೆ ಇಡೀ ಶಿಕ್ಷಣದ ಭಾರ ಬಿತ್ತು. ಸಂಕೇತ ಹುಡುಕಿ ಮಕ್ಕಳು ಗುಡ್ಡ, ಮರ, ಮಹಡಿ ಹತ್ತಿದ್ದನ್ನು ರಾಜ್ಯದ ಹಲವು ಕಡೆಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಆನ್‌ಲೈನ್ ಪಾಠ ಬೇಕೆ ಬೇಡವೆ ಎಂಬ ಪ್ರಶ್ನೆ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಯೋಜನೆಯ ಮೂಲಕ ಅಧ್ಯಾಪಕರನ್ನೇ ಮಕ್ಕಳಿದ್ದ ಬೀದಿಗೆ ಕಳುಹಿಸಿತು.

ಆಗ ಕಂಡ ತೊಂದರೆಗಳಲ್ಲಿ ಎರಡು ಭೌತವಿಜ್ಞಾನದವು. ಮೊದಲನೆಯದು, ಅಧ್ಯಾಪಕರ ಮಾತು ಮಕ್ಕಳಿಗೆ ಕೇಳಿಸುತ್ತಿತ್ತು, ಮಕ್ಕಳ ಮಾತು ಅಧ್ಯಾಪಕರಿಗೆ ಕೇಳಿಸುತ್ತಿರಲಿಲ್ಲ. ಗೋಪುರ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಮೊಬೈಲಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. ದೂರದ ಮನೆಯಿಂದ ಮೇಲೇರುವ ಹಾದಿಯೇ ಮೊದಲು ಕಡಿಯುತ್ತದೆ. ಪ್ರಶ್ನೆ ಕೇಳಲಾಗದ ವಿದ್ಯಾರ್ಥಿ ಮಂದನೆಂದಲ್ಲ. ಅವನ ಫೋನಿನ ದನಿ ಗೋಪುರವನ್ನು ಮುಟ್ಟಿರಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ದೂರದರ್ಶನದ ಚಂದನ ವಾಹಿನಿಯಲ್ಲೂ ಆಗ ಪಾಠಗಳು ಪ್ರಸಾರವಾದವು. ಒಂದು ಪ್ರಸಾರವನ್ನು ನೂರು ಮಕ್ಕಳು ನೋಡಲಿ, ಲಕ್ಷ ಮಕ್ಕಳು ನೋಡಲಿ, ಪ್ರೇಷಕಕ್ಕೆ ಭಾರ ಒಂದೇ. ಮೊಬೈಲ್ ಜಾಲದಲ್ಲಿ ಹಾಗಲ್ಲ. ಒಂದೇ ಹಳ್ಳಿಯ 40 ಮಕ್ಕಳು ಒಂದೇ ಪಾಠವನ್ನು ನೋಡಿದರೆ ಗೋಪುರ ಅದನ್ನು 40 ಬಾರಿ ಬೇರೆ ಬೇರೆಯಾಗಿ ಕಳುಹಿಸುತ್ತದೆ. ಹತ್ತು ಗಂಟೆಗೆ ಎಲ್ಲ ಶಾಲೆಗಳ ತರಗತಿಯೂ ಆರಂಭವಾದರೆ ಎಲ್ಲರ ಪಾಲೂ ಕುಗ್ಗುತ್ತದೆ. ರೇಡಿಯೋ, ದೂರದರ್ಶನಗಳನ್ನು ಹಳತೆಂದು ಬದಿಗೆ ಸರಿಸುವ ಮುನ್ನ ಈ ಲೆಕ್ಕವನ್ನು ನೆನಪಿಡಬೇಕು.

ಮಹಡಿಯ ಮೇಲಿನ ಪೆಟ್ಟಿಗೆ

2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾಯಿತು. 2023ರಲ್ಲಿ ಏರ್‌ಟೆಲ್ ಮತ್ತು ಜಿಯೋ ಎರಡೂ 'ಏರ್‌ಫೈಬರ್' ಎಂಬ ಹೆಸರಿನಲ್ಲಿ ಮನೆಗೆಂದೇ 5ಜಿ ಸಂಪರ್ಕ ಕೊಡತೊಡಗಿದವು. ಅದೇ ವರ್ಷದ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಏರಿಸಿತ್ತು. ಡಬ್ಲ್ಯುಎಲ್‌ಎಲ್ ಮತ್ತೆ ಬಂದಿದೆ ಎಂದರೆ ತಪ್ಪಾಗದು, ಹೆಸರು ಹೊಸದು ಅಷ್ಟೆ. ಆದರೆ ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಜಿನ ಎಳೆಯಲ್ಲ, ಅದೇ ರೇಡಿಯೋ ಅಲೆ.

ಹೊಸತೇನಿದೆ? ಮೊದಲನೆಯದಾಗಿ ಪಟ್ಟಿಯ ಅಗಲ. 100 ಮೆಗಾಹರ್ಟ್ಸ್ ಅಗಲದ ಪಟ್ಟಿಗೆ, S/N 10 ಇದ್ದಾಗ, ಶಾನನ್ ಸೂತ್ರದ ಪ್ರಕಾರ ಸುಮಾರು 346 ಮೆಗಾಬಿಟ್. ಎರಡನೆಯದಾಗಿ ಗೋಪುರದ ಆಂಟೆನಾ. ಅದು ಹತ್ತಾರು ಪುಟ್ಟ ಆಂಟೆನಾಗಳ ಫಲಕ. ಅವುಗಳ ಅಲೆಗಳ ನಡುವಿನ ವ್ಯತಿಕರಣವನ್ನು ನಿಯಂತ್ರಿಸಿ, ಬೇಕಾದ ದಿಕ್ಕಿಗೆ ಕಿರಣದಂತೆ ಅಲೆಯನ್ನು ತಿರುಗಿಸಬಹುದು. ಆಗ ಒಂದೇ ಆವೃತ್ತಿಯಲ್ಲಿ ಎರಡು ದಿಕ್ಕಿನ ಮನೆಗಳಿಗೆ ಎರಡು ಬೇರೆ ಸಂದೇಶ ಹೋಗಬಲ್ಲದು. ಮನೆ ಓಡಾಡುವುದಿಲ್ಲವಾದ್ದರಿಂದ ಕಿರಣವನ್ನು ಅದರತ್ತ ಹಿಡಿಯುವುದು ಸುಲಭ. ಮೂರನೆಯದಾಗಿ, ಆಂಟೆನಾ ಮನೆಯ ಹೊರಗೆ ಎತ್ತರದಲ್ಲಿದೆ. ಗೋಡೆಯಿಂದಾಗುವ ನಷ್ಟ ಉಳಿಯುತ್ತದೆ.

ಭಾರತದಲ್ಲಿ 5ಜಿಗೆಂದು ಹಂಚಿದ ಪಟ್ಟಿಗಳಲ್ಲಿ 26 ಗಿಗಾಹರ್ಟ್ಸ್ ಕೂಡ ಇದೆ. ಅದರ ತರಂಗದೂರ ಸುಮಾರು 11.5 ಮಿಲಿಮೀಟರ್. ಇದಕ್ಕೂ ಕಿರಿದಾದ, ಸುಮಾರು 5 ಮಿಲಿಮೀಟರ್ ಅಲೆಗಳನ್ನು ಜಗದೀಶಚಂದ್ರ ಬೋಸ್ ಕಲ್ಕತ್ತದಲ್ಲಿ 1890ರ ದಶಕದಲ್ಲೇ ಉತ್ಪಾದಿಸಿ ಪ್ರಯೋಗ ಮಾಡಿದ್ದರು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು.

ಆದರೂ ಹಂಚಿಕೆಯ ನಿಯಮ ಮಾಯವಾಗಿಲ್ಲ. ಮೊಬೈಲಿಗಿಂತ ಮನೆಯ ಹಸಿವು ದೊಡ್ಡದು. ಸೆಕೆಂಡಿಗೆ 3 ಮೆಗಾಬಿಟ್‌ನ ಒಂದು ಸಿನಿಮಾ ಎರಡು ಗಂಟೆ ಓಡಿದರೆ 2.7 ಗಿಗಾಬೈಟ್. ಪ್ರತಿ ಮನೆಯ ಟಿ.ವಿ.ಯೂ ಗೋಪುರಕ್ಕೆ ಜೋತುಬಿದ್ದರೆ ಅಗಲವಾದ ಪಟ್ಟಿಯೂ ತುಂಬಿಹೋಗುತ್ತದೆ.

ನೀವೇ ಅಳೆದು ನೋಡಿ

ಇದನ್ನು ಓದಿ ಬಿಡುವುದಕ್ಕಿಂತ ತರಗತಿಯಲ್ಲಿ ಅಳೆಯುವುದು ಮೇಲು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿಯನ್ನು ತೆರೆದರೆ ಸಂಕೇತದ ಬಲ ಡಿಬಿಎಂನಲ್ಲಿ, ಋಣ ಸಂಖ್ಯೆಯಾಗಿ ಸಿಗುತ್ತದೆ. 4ಜಿಯಲ್ಲಿ -80 ಒಳ್ಳೆಯದು, -110 ದುರ್ಬಲ. ಪ್ರತಿ 10 ಡಿಬಿ ವ್ಯತ್ಯಾಸ ಶಕ್ತಿಯಲ್ಲಿ 10 ಪಟ್ಟು. 20 ಡಿಬಿ ಎಂದರೆ 100 ಪಟ್ಟು.

ಪ್ರತಿ ವಿದ್ಯಾರ್ಥಿ ತನ್ನ ಮನೆಯ ಮೂರು ಜಾಗಗಳಲ್ಲಿ - ನಡುಮನೆ, ಕಿಟಕಿ, ಮಹಡಿ - ಬೆಳಿಗ್ಗೆ ಆರಕ್ಕೂ ರಾತ್ರಿ ಎಂಟಕ್ಕೂ ಸಂಕೇತದ ಬಲ ಮತ್ತು ವೇಗ ಎರಡನ್ನೂ ಒಂದು ವಾರ ಬರೆದಿಡಲಿ. ಜಾಗ ಬದಲಾದಾಗ ಬಲ ಬದಲಾಗುತ್ತದೆ. ಹೊತ್ತು ಬದಲಾದಾಗ ಬಲ ಹೆಚ್ಚುಕಡಿಮೆ ಹಾಗೇ ಇದ್ದು ವೇಗ ಮಾತ್ರ ಇಳಿದರೆ, ತೊಂದರೆ ನಿಮ್ಮ ಮನೆಯದಲ್ಲ, ಗೋಪುರದ ಮೇಲಿನ ಜನಸಂದಣಿಯದು. ಮೊದಲನೆಯದಕ್ಕೆ ರೂಟರನ್ನು ಮಹಡಿಗೆ ಒಯ್ಯುವುದು ಪರಿಹಾರ. ಎರಡನೆಯದಕ್ಕೆ ಎಷ್ಟು ಬೆಲೆಯ ರೂಟರ್ ಕೊಂಡರೂ ಪ್ರಯೋಜನವಿಲ್ಲ. ಈ ವಿವೇಚನೆಯಿಲ್ಲದೆ ಎಷ್ಟೋ ಮನೆಗಳು ಹಣ ಕಳೆದುಕೊಳ್ಳುತ್ತವೆ.

ಮಹಡಿಯಿಂದ ಗೋಪುರ ಕಣ್ಣಿಗೆ ಕಂಡರೆ ಸಾಕೆ? ಸಾಲದು. ಅಲೆ ಸಾಗಲು ನೇರ ಗೆರೆಯ ಸುತ್ತ ಒಂದಿಷ್ಟು ತೆರವು ಬೇಕು. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 10 ಕಿಲೋಮೀಟರ್ ಹಾದಿಯ ನಟ್ಟನಡುವೆ, 850 ಮೆಗಾಹರ್ಟ್ಸ್ ಅಲೆಗೆ ಮೊದಲ ವಲಯದ ತ್ರಿಜ್ಯ ಸುಮಾರು 30 ಮೀಟರ್. 3,500 ಮೆಗಾಹರ್ಟ್ಸ್‌ಗೆ ಸುಮಾರು 15 ಮೀಟರ್. ನಡುವಿನ ತೆಂಗಿನ ತೋಟ ದೃಷ್ಟಿಗೆ ಅಡ್ಡ ಬರದಿದ್ದರೂ ಅಲೆಗೆ ಅಡ್ಡ ಬರಬಹುದು.

ಕೊನೆಯ ಮಾತು ತಂತಿಯ ಬಗ್ಗೆಯೇ. ಪ್ರತಿ ಗೋಪುರದ ಬುಡಕ್ಕೂ ಎಲ್ಲಿಂದಲೋ ದತ್ತಾಂಶ ಬರಬೇಕು. ಅದು ಬರುವುದು ಆಪ್ಟಿಕಲ್ ಫೈಬರಿನಲ್ಲಿ ಅಥವಾ ಗೋಪುರದಿಂದ ಗೋಪುರಕ್ಕೆ ಹಾರುವ ಮೈಕ್ರೋವೇವ್‌ನಲ್ಲಿ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಗುರಿ ಪ್ರತಿ ಗ್ರಾಮ ಪಂಚಾಯಿತಿಗೂ ಫೈಬರ್ ಮುಟ್ಟಿಸುವುದು. ಫೈಬರ್ ಪಂಚಾಯಿತಿಯ ಬಾಗಿಲಿಗೆ ಬಂದಿದ್ದರೆ, ಅಲ್ಲಿಂದ ಶಾಲೆಗೂ ಗ್ರಂಥಾಲಯವಾಗಿರುವ 'ಅರಿವು ಕೇಂದ್ರ'ಕ್ಕೂ ಅದು ತಲುಪಿದೆಯೇ, ತಲುಪಿದ್ದರೆ ಕೆಲಸ ಮಾಡುತ್ತಿದೆಯೇ ಎಂದು ಕೇಳುವುದು ಅಧ್ಯಾಪಕರ ಹಕ್ಕೂ ಹೌದು, ಕರ್ತವ್ಯವೂ ಹೌದು. ತೋಟದ ಒಂಟಿ ಮನೆಗೆ ಅಲೆಯೇ ಸರಿಯಾದ ದಾರಿ. ಆದರೆ ಮುನ್ನೂರು ಮನೆಗಳ ಊರು, ಅದರ ಶಾಲೆ, ಅದರ ಪರೀಕ್ಷಾ ಅರ್ಜಿಗಳು, ವಿದ್ಯಾರ್ಥಿವೇತನದ ಅರ್ಜಿಗಳು ಎಲ್ಲವೂ ಒಂದು ಗೋಪುರದ ಹಂಚಿಕೆಯ ಅಲೆಯನ್ನೇ ನಂಬಿ ಕೂರುವಂತಾಗಬಾರದು. ಊರಿನ ಮಧ್ಯದವರೆಗೆ ಫೈಬರ್, ಅಲ್ಲಿಂದಾಚೆ ತಂತಿ ತಲುಪದ ಮನೆಗೆ ಅಲೆ - ಎರಡೂ ತಮ್ಮ ತಮ್ಮ ಕೆಲಸ ಮಾಡಿದರೆ ರಾತ್ರಿ ಎಂಟರ ಪಾಲು ಎಲ್ಲರಿಗೂ ಸಾಕಾಗುತ್ತದೆ. ನಿಮ್ಮ ವಿದ್ಯಾರ್ಥಿಗಳು ಒಂದು ವಾರ ಬರೆದಿಟ್ಟ ಕೋಷ್ಟಕ ಪಂಚಾಯಿತಿಯ ಸಭೆಯಲ್ಲಿ ಈ ಬೇಡಿಕೆಗೆ ಆಧಾರವಾಗಬಲ್ಲದು.